ಮುಚ್ಚಳ ಮೊದಲು, ಲೆಕ್ಕ ಆಮೇಲೆ: ಮಾಂಶ್ ವಿಕಿರಣ ತ್ಯಾಜ್ಯ ಕೇಂದ್ರ ಮುಚ್ಚಿದ ಪ್ರಕರಣ

ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಕೊತಾಂತ್ಯಾಂ ಅಂತ ಒಂದು ಪರ್ಯಾಯ ದ್ವೀಪ ಇದೆ. ಅದರ ತುದಿಯ ಸೀಮೆಗೆ ಲಾ ಆಗ್ ಎಂದು ಹೆಸರು. (ಅಂತರರಾಷ್ಟ್ರೀಯ ನ್ಯಾಯಾಲಯ ಇರುವ ಹೇಗ್ ಬೇರೆ, ಇದು ಬೇರೆ.) ಸಮುದ್ರದ ಗಾಳಿ ಜೋರು, ಮಳೆ ಜಾಸ್ತಿ, ಹುಲ್ಲುಗಾವಲು ಬೇಕಾದಷ್ಟು. ಬಳಸಿದ ಅಣು ಇಂಧನವನ್ನು ಮರುಸಂಸ್ಕರಿಸುವ ದೊಡ್ಡ ಕಾರ್ಖಾನೆ ಇರುವುದೂ ಅಲ್ಲೇ. ಆ ಕಾರ್ಖಾನೆಯ ಪಕ್ಕದಲ್ಲಿ ಒಂದು ದಿಬ್ಬ ಇದೆ. ಮೇಲೆ ಹುಲ್ಲು ಬೆಳೆದಿದೆ, ಇಳಿಜಾರು ಮನೆಯ ಸೂರಿನ ಹಾಗೆ ಏರಿ ಇಳಿಯುತ್ತದೆ. ಗೊತ್ತಿಲ್ಲದವರು ನೋಡಿದರೆ ಯಾರೋ ಅಚ್ಚುಕಟ್ಟಾಗಿ ನೋಡಿಕೊಂಡ ಮೈದಾನ ಅಂದುಕೊಳ್ಳಬೇಕು.

ಅದರ ಕೆಳಗೆ ಸುಮಾರು 5 ಲಕ್ಷ 27 ಸಾವಿರ ಘನ ಮೀಟರ್ ವಿಕಿರಣ ತ್ಯಾಜ್ಯ ಇದೆ.

ಇದರ ಹೆಸರು ಮಾಂಶ್ ಶೇಖರಣಾ ಕೇಂದ್ರ. 1969ರಲ್ಲಿ ಶುರುವಾಯಿತು, 1994ರಲ್ಲಿ ಕೊನೆಯ ಪೊಟ್ಟಣ ಇಳಿಯಿತು. ಇದನ್ನು ಅಧಿಕೃತವಾಗಿ 'ಮುಚ್ಚಿ' ನಿಗಾ ಹಂತಕ್ಕೆ ಒಯ್ಯಲು ಅನುಮತಿ ಸಿಕ್ಕಿದ್ದು 2003ರ ಜನವರಿಯಲ್ಲಿ. ನಡುವಿನ ಒಂಬತ್ತು ವರ್ಷದಲ್ಲಿ ಏನಾಯಿತು ಅನ್ನುವುದೇ ಈ ಪ್ರಕರಣ. ಕೆಲವರು ಇದನ್ನು ವಿಳಂಬದ ಕಥೆ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ಸರಿಯಾಗಿ ನಡೆದ ಕೆಲಸ ಅಂದರೆ ಆ ವಿಳಂಬವೇ.

ಒಳಗೆ ಹೋದದ್ದು ಏನು, ಹೇಗೆ

ಇಲ್ಲಿ ಹೂತಿರುವುದು ಬಳಸಿದ ಇಂಧನ ಅಲ್ಲ. ಕೈಗವಸು, ಫಿಲ್ಟರ್, ಕೆಟ್ಟ ಪಂಪು, ಪೈಪಿನ ತುಂಡು, ಒರೆಸಿದ ಬಟ್ಟೆ, ನೀರು ಶುದ್ಧ ಮಾಡಿದ ಮೇಲೆ ಉಳಿದ ಕೆಸರು: ಇಂಥವೇ ಜಾಸ್ತಿ. ಕಡಿಮೆ ಮತ್ತು ಮಧ್ಯಮ ಮಟ್ಟದ ತ್ಯಾಜ್ಯ ಅಂತ ವಿಂಗಡಣೆ.

ಮೊದಲ ವರ್ಷಗಳಲ್ಲಿ ಕೆಲಸ ಬಹಳ ಸರಳ. ಮಣ್ಣಿನಲ್ಲಿ ಕಂದಕ ತೋಡುವುದು, ಡ್ರಮ್ ಜೋಡಿಸುವುದು, ಮುಚ್ಚುವುದು. ಮಳೆ ನಾಡಿನಲ್ಲಿ ಹೀಗೆ ಮಾಡಿದರೆ ಏನಾಗುತ್ತದೆ ಅನ್ನುವುದು ಬೇಗನೇ ಗೊತ್ತಾಯಿತು. ಆಮೇಲೆ ಕಾಂಕ್ರೀಟಿನ ಕೋಣೆಗಳು ಬಂದವು. ಕೋಣೆಯಲ್ಲಿ ಡ್ರಮ್ ಇಟ್ಟು, ಸಂದಿಗೆಲ್ಲ ಕಾಂಕ್ರೀಟ್ ಸುರಿದು ಒಂದೇ ಗಟ್ಟಿ ಮಾಡುತ್ತಿದ್ದರು. ಅದರ ಮೇಲೆ ಇನ್ನಷ್ಟು ಪೊಟ್ಟಣಗಳ ರಾಶಿ, ಸಂದಿಗೆ ಜಲ್ಲಿ. ಹಾಗಾಗಿ ಇದು ಒಂದು ಕಾಲದ, ಒಂದು ವಿನ್ಯಾಸದ ಕಟ್ಟಡ ಅಲ್ಲ. ತಂತ್ರಜ್ಞಾನ ಕಲಿಯುತ್ತಾ ಹೋದ ಹಾಗೆ ಪದರ ಪದರವಾಗಿ ಬೆಳೆದದ್ದು. ಮುಚ್ಚುವ ಹೊತ್ತಿಗೆ ಅತಿ ಹಳೆಯ, ಅತಿ ದುರ್ಬಲ ಭಾಗ ಹೊಸದರ ಪಕ್ಕದಲ್ಲೇ, ಕೆಲವು ಕಡೆ ಹೊಸದರ ಕೆಳಗೇ ಇತ್ತು.

ನಡೆಸಿದವರೂ ಬದಲಾದರು. ಆರಂಭದಲ್ಲಿ ಇನ್ಫ್ರಾಟೋಮ್ ಎಂಬ ಖಾಸಗಿ ಕಂಪನಿ. 1979ರಲ್ಲಿ ಫ್ರಾನ್ಸಿನ ಅಣುಶಕ್ತಿ ಆಯೋಗದ ಒಳಗೇ ಆಂಡ್ರಾ ಎಂಬ ತ್ಯಾಜ್ಯ ನಿರ್ವಹಣಾ ಸಂಸ್ಥೆ ಹುಟ್ಟಿತು. 1991ರ ಡಿಸೆಂಬರಿನ ಕಾಯ್ದೆ ಅದನ್ನು ಆಯೋಗದಿಂದ ಬೇರ್ಪಡಿಸಿ ಸ್ವತಂತ್ರ ಮಾಡಿತು. ತ್ಯಾಜ್ಯ ಮಾಡುವವರು ಮತ್ತು ಅದನ್ನು ಹೂಳುವವರು ಒಂದೇ ಮನೆಯವರಾಗಿರಬಾರದು ಅನ್ನುವ ವಿಚಾರ ಅಷ್ಟು ಹೊತ್ತಿಗೆ ಬಂದಿತ್ತು.

1976ರ ಅಕ್ಟೋಬರ್

ಕೇಂದ್ರದ ಹತ್ತಿರ ಸಾಂತ್ ಎಲೆನ್ ಎಂಬ ಸಣ್ಣ ತೊರೆ ಹರಿಯುತ್ತದೆ. 1976ರ ಅಕ್ಟೋಬರಿನಲ್ಲಿ ಅದರ ನೀರಿನಲ್ಲಿ ಟ್ರಿಟಿಯಮ್ ಎಂಬ ವಿಕಿರಣ ವಸ್ತು ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಕಂಡಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಟ್ರಿಟಿಯಮ್ ತ್ಯಾಜ್ಯ ತುಂಬಿದ ಒಂದು ಕಂದಕ. ಮಳೆ ನೀರು ಅದರೊಳಗೆ ಇಳಿದು ಅಂತರ್ಜಲಕ್ಕೆ ಸೇರಿತ್ತು. ಆ ಕಂದಕದ ತ್ಯಾಜ್ಯವನ್ನು ಆಮೇಲೆ ತೆಗೆದು ಹಾಕಿದರು. ಆದರೆ ನೆಲದೊಳಗೆ ಹೋದ ಟ್ರಿಟಿಯಮ್ ಹೋದದ್ದೇ.

ಟ್ರಿಟಿಯಮ್ ಹಠಮಾರಿ ಅನ್ನುವುದಕ್ಕೆ ಕಾರಣ ಸರಳ. ಅದು ಹೈಡ್ರೋಜನ್ನಿನ ಒಂದು ರೂಪ. ನೀರಿನಲ್ಲಿ ಕರಗಿ ಕೂರುವುದಿಲ್ಲ, ತಾನೇ ನೀರಾಗಿಬಿಡುತ್ತದೆ. ಉಪ್ಪನ್ನು ಸೋಸಬಹುದು, ಕೊಳೆ ಸೋಸಬಹುದು. ನೀರಿನಿಂದ ನೀರನ್ನೇ ಸೋಸುವುದು ಹೇಗೆ? ಕಾಯುವುದೊಂದೇ ದಾರಿ. ಅದರ ಅರ್ಧಾಯು, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 12.3 ವರ್ಷ. ಐವತ್ತು ವರ್ಷ ಕಾದರೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ.

ಕೇಂದ್ರದ ಕೆಳಗಿನ ಗ್ರಾಂ ಬೆಲ್ ಎಂಬ ಇನ್ನೊಂದು ತೊರೆಯಲ್ಲಿ, ಮುಚ್ಚುವ ಅನುಮತಿ ಸಿಕ್ಕ ಕಾಲದಲ್ಲೂ ಲೀಟರಿಗೆ ನೂರಾರು ಬೆಕೆರೆಲ್ (ವಿಕಿರಣ ಅಳೆಯುವ ಮಾನ) ಟ್ರಿಟಿಯಮ್ ಸಿಗುತ್ತಿತ್ತು. ಇದು ಜಾಸ್ತಿಯೋ ಕಡಿಮೆಯೋ? ಇಲ್ಲೇ ಜಗಳ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10,000 ಬೆಕೆರೆಲ್. ಯುರೋಪಿನ ನಿಯಮದಲ್ಲಿ 100 ದಾಟಿದರೆ 'ಏನಾಗಿದೆ ನೋಡಿ' ಅನ್ನುವ ಎಚ್ಚರಿಕೆ. ಒಂದೇ ಬಾಟಲಿ ನೀರು. ಒಬ್ಬರು ಅದನ್ನು ಮಿತಿಯ ಎಷ್ಟೋ ಕೆಳಗೆ ಅನ್ನುತ್ತಾರೆ, ಇನ್ನೊಬ್ಬರು ಮಿತಿಯ ಎಷ್ಟೋ ಪಟ್ಟು ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾವ ಗೆರೆ ಯಾತಕ್ಕೆ ಎಳೆದದ್ದು ಅಂತ ಬಿಡಿಸಿ ಹೇಳದ ಯಾವ ವರದಿಯೂ ಇಂಥ ಕಡೆ ಯಾರ ನಂಬಿಕೆಯನ್ನೂ ಗಳಿಸುವುದಿಲ್ಲ.

300 ಅನ್ನುವ ಸಂಖ್ಯೆ ಬಂದದ್ದು ಎಲ್ಲಿಂದ

ಫ್ರಾನ್ಸಿನಲ್ಲಿ ನೆಲದ ಮೇಲ್ಮಟ್ಟದ ವಿಕಿರಣ ತ್ಯಾಜ್ಯ ಕೇಂದ್ರಗಳಿಗೆ ಒಂದು ಮೂಲ ಸೂತ್ರ ಇದೆ: ಹೆಚ್ಚೆಂದರೆ 300 ವರ್ಷ ನಿಗಾ ಇಡಿ, ಆಮೇಲೆ ಜಾಗವನ್ನು ಬಿಟ್ಟುಕೊಡಿ. 300 ವರ್ಷ ಯಾರೋ ಸುಮ್ನೆ ಬರೆದದ್ದಲ್ಲ. ಇಂಥ ತ್ಯಾಜ್ಯದಲ್ಲಿ ಜಾಸ್ತಿ ತಲೆನೋವು ಕೊಡುವ ಸೀಸಿಯಮ್-137ರ ಅರ್ಧಾಯು ಸುಮಾರು 30 ವರ್ಷ. 300 ವರ್ಷ ಅಂದರೆ ಹತ್ತು ಅರ್ಧಾಯು. ಹತ್ತು ಸಲ ಅರ್ಧ ಮಾಡಿದರೆ 1,024ರಲ್ಲಿ ಒಂದು ಪಾಲು. ಸಾವಿರ ಇದ್ದದ್ದು ಒಂದಾಗುತ್ತದೆ. ಲೆಕ್ಕ ಚೆನ್ನಾಗಿದೆ, ಅಲ್ವಾ?

ಈಗ ಅದೇ ಲೆಕ್ಕವನ್ನು ಪ್ಲುಟೋನಿಯಮ್-239ಕ್ಕೆ ಹಾಕಿ ನೋಡಿ. ಅರ್ಧಾಯು ಸುಮಾರು 24,100 ವರ್ಷ. 300 ವರ್ಷದಲ್ಲಿ ಕರಗುವುದು ನೂರಕ್ಕೆ ಒಂದು ಪಾಲೂ ಅಲ್ಲ. ಅಂದರೆ ಇವತ್ತು ಎಷ್ಟಿದೆಯೋ 300 ವರ್ಷ ಆದ ಮೇಲೂ ಹೆಚ್ಚುಕಡಿಮೆ ಅಷ್ಟೇ.

ಹಾಗಾಗಿ 300ರ ಸೂತ್ರ ನಿಂತಿರುವುದು ಒಂದು ಷರತ್ತಿನ ಮೇಲೆ: ದೀರ್ಘಾಯುಷಿ ವಸ್ತುಗಳು ಒಳಗೆ ತೀರಾ ಕಡಿಮೆ ಇರಬೇಕು. 1980ರ ದಶಕದ ಮೊದಲರ್ಧದಲ್ಲಿ ಫ್ರಾನ್ಸ್ ಇದಕ್ಕೆ ಕಟ್ಟುನಿಟ್ಟಿನ ಮಿತಿ ಬರೆಯಿತು. ಮಾಂಶ್ ಕೇಂದ್ರ ಅಷ್ಟು ಹೊತ್ತಿಗೆ ಹದಿನೈದು ವರ್ಷದಿಂದ ತ್ಯಾಜ್ಯ ತುಂಬಿಸಿಕೊಳ್ಳುತ್ತಿತ್ತು. ನಿಯಮ ಬಂದ ಮೇಲೆ ಬಂದ ಡ್ರಮ್ಮಿಗೆ ನಿಯಮ ಅನ್ವಯಿಸಬಹುದು. ಅದಕ್ಕೂ ಮೊದಲೇ ಕಾಂಕ್ರೀಟಿನೊಳಗೆ ಕೂತ ಡ್ರಮ್ಮಿಗೆ?

1992ರಲ್ಲಿ ಓಬ್ ಪ್ರಾಂತ್ಯದಲ್ಲಿ ತೆರೆದ ಹೊಸ ಕೇಂದ್ರವನ್ನು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅಲ್ಲಿ ನಿಯಮ ಮೊದಲು, ಗುಂಡಿ ಆಮೇಲೆ. ತುಂಬುವ ಕೋಣೆಯ ಮೇಲೆ ಸರಿಸಬಹುದಾದ ಚಾವಣಿ ಇರುತ್ತದೆ, ಮಳೆ ಒಳಗೆ ಬೀಳುವುದೇ ಇಲ್ಲ. ಮಾಂಶ್‌ನಲ್ಲಿ ಮಾಡಿದ ತಪ್ಪುಗಳ ಪಟ್ಟಿಯನ್ನೇ ಮುಂದಿಟ್ಟುಕೊಂಡು ಓಬ್ ಕಟ್ಟಿದ್ದಾರೇನೋ ಅನಿಸುತ್ತದೆ.

ಪರಿಶೀಲನೆಯ ಮೊದಲ ಸುತ್ತು

ಮುಚ್ಚಳದ ಕೆಲಸ 1991ರಲ್ಲೇ ಶುರುವಾಯಿತು, 1997ರ ತನಕ ನಡೆಯಿತು. ಕೆಲಸ ಸಣ್ಣದಲ್ಲ. ಮೇಲಿಂದ ಕೆಳಗೆ ಹೋದರೆ ಹುಲ್ಲು ಬೆಳೆದ ಮಣ್ಣು. ಅದರ ಕೆಳಗೆ ದಪ್ಪ ಕಲ್ಲಿನ ಪದರ: ಬೇರು ಇಳಿಯದ ಹಾಗೆ, ಬಿಲ ತೋಡುವ ಪ್ರಾಣಿ ಕೆಳಗೆ ಹೋಗದ ಹಾಗೆ. ಆಮೇಲೆ ನೀರು ಹರಿದು ಹೋಗಲು ಮರಳು. ಅದರ ಕೆಳಗೆ ಇಡೀ ವ್ಯವಸ್ಥೆಯ ಜೀವಾಳ, ಕೆಲವೇ ಮಿಲಿಮೀಟರ್ ದಪ್ಪದ ಡಾಂಬರಿನ ಹಾಸು. ಅದರ ಕೆಳಗೆ ಮತ್ತೆ ಮರಳು, ಮತ್ತೆ ಕಲ್ಲುಮಣ್ಣು. ಅದಾದ ಮೇಲೆ ತ್ಯಾಜ್ಯ.

ಆ ಸೀಮೆಯಲ್ಲಿ ವರ್ಷಕ್ಕೆ ಸುಮಾರು ಒಂದು ಮೀಟರ್ ಮಳೆ. ಅಂದರೆ ದಿಬ್ಬದ ಪ್ರತಿ ಚದರ ಮೀಟರಿನ ಮೇಲೆ ಸಾವಿರ ಲೀಟರ್ ನೀರು. ಅದರಲ್ಲಿ ಹಾಸನ್ನು ದಾಟಿ ಕೆಳಗೆ ಹೋಗುವುದು ಕೆಲವೇ ಲೀಟರ್ ಇರಬೇಕು ಅನ್ನುವುದು ಗುರಿ. ಆ ಕೆಲವು ಲೀಟರನ್ನೂ ಬಿಡುವುದಿಲ್ಲ. ತ್ಯಾಜ್ಯದ ತಳದಲ್ಲಿ ಕೊಳವೆಗಳಿವೆ. ಅವು ನೆಲದಡಿಯ ಒಂದು ಸುರಂಗದಲ್ಲಿ ಬಂದು ಸೇರುತ್ತವೆ. ಜಿನುಗಿದ ನೀರು ತನ್ನ ಭಾರಕ್ಕೆ ತಾನೇ ಇಳಿದು ಬರುತ್ತದೆ, ಪಂಪು ಬೇಕಿಲ್ಲ. ಒಳಗೆ ಹೋದವರು ಯಾವ ಕೊಳವೆಯಿಂದ ಎಷ್ಟು ಬಂತು ಅಂತ ಅಳೆಯಬಹುದು. ಒಂದು ಕೊಳವೆ ಇದ್ದಕ್ಕಿದ್ದ ಹಾಗೆ ಜಾಸ್ತಿ ಕೊಡಲು ಶುರು ಮಾಡಿದರೆ ಮುಚ್ಚಳ ಎಲ್ಲಿ ಸೋರುತ್ತಿದೆ ಅಂತ ಅಂದಾಜು ಸಿಗುತ್ತದೆ. ಇಡೀ ವಿನ್ಯಾಸದಲ್ಲಿ ನನಗೆ ತುಂಬಾ ಮೆಚ್ಚುಗೆಯಾದದ್ದು ಇದೇ. ದುಬಾರಿ ಯಂತ್ರ ಏನಿಲ್ಲ. ಇಳಿಜಾರು, ಕೊಳವೆ, ಅಳೆಯುವ ಒಬ್ಬ ಮನುಷ್ಯ, ಇಷ್ಟೇ.

ಈ ಕೆಲಸ ಅರ್ಧಕ್ಕಿಂತ ಜಾಸ್ತಿ ಆಗಿದ್ದಾಗ, 1995ರಲ್ಲಿ, ಸಾರ್ವಜನಿಕ ವಿಚಾರಣೆ ನಡೆಯಿತು. ಫ್ರಾನ್ಸಿನಲ್ಲಿ ಇದಕ್ಕೊಂದು ರೂಢಿಯ ಕ್ರಮ ಇದೆ. ಸಂಸ್ಥೆ ಕೊಟ್ಟ ಕಡತವನ್ನು ಸುತ್ತಲಿನ ಊರುಗಳ ಪುರಸಭೆ ಕಚೇರಿಯಲ್ಲಿ ಇಡುತ್ತಾರೆ. ಯಾರು ಬೇಕಾದರೂ ಬಂದು ಓದಬಹುದು, ಪಕ್ಕದಲ್ಲಿಟ್ಟ ಪುಸ್ತಕದಲ್ಲಿ ಅಭಿಪ್ರಾಯ ಬರೆಯಬಹುದು. ಕಡತದ ಮಾತು ಸ್ಥೂಲವಾಗಿ ಹೀಗಿತ್ತು: ಮುಚ್ಚಳ ಹಾಕುತ್ತಿದ್ದೇವೆ, ನಿಗಾ ಇಡುತ್ತೇವೆ, 300 ವರ್ಷದ ಹೊತ್ತಿಗೆ ಇದು ಮಾಮೂಲಿ ಜಾಗ ಆಗುತ್ತದೆ.

ಇಲ್ಲಿ ನನಗೆ ತಕರಾರು ಇದೆ. ಪರಿಸರ ಪರಿಶೀಲನೆ ಅಂದರೆ ಬೇರೆ ಬೇರೆ ದಾರಿಗಳನ್ನು ಎದುರಿಗಿಟ್ಟು ತೂಗುವುದು. ಹಾಗೇ ಬಿಡುವುದಾ, ತೆಗೆಯುವುದಾ, ಅರ್ಧ ತೆಗೆಯುವುದಾ, ಯಾವ ಮುಚ್ಚಳ, ಎಷ್ಟು ದಿನ? ಒಂದು ದಾರಿಯ ಮೇಲೆ ಆಗಲೇ ಲಾರಿಗಟ್ಟಲೆ ಮಣ್ಣು ಸುರಿದಾಗಿದ್ದರೆ ಉಳಿದ ದಾರಿಗಳನ್ನು ಯಾರು ಮನಸಿಟ್ಟು ತೂಗುತ್ತಾರೆ? ತಾಳಿ ಕಟ್ಟುವಾಗ ಜಾತಕ ಬಿಚ್ಚಿದ ಹಾಗೆ. ಮಳೆ ತಡೆಯಲು ಬೇಗ ಮುಚ್ಚಬೇಕಿತ್ತು ಅನ್ನುವ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. 1976ರ ಅನುಭವ ಇದ್ದವರು ಸುಮ್ಮನೆ ಕೂರಲಾಗುತ್ತಿರಲಿಲ್ಲ. ಆದರೂ ತಾತ್ಕಾಲಿಕ ಹೊದಿಕೆ ಬೇರೆ, ಕೊನೆಯ ಮುಚ್ಚಳ ಬೇರೆ.

ಕಡತವನ್ನು ಓದಿದವರಲ್ಲಿ ಕೆಲವರು ಮುಚ್ಚಳದ ಬಗ್ಗೆ ಕೇಳಲಿಲ್ಲ, ಒಳಗಿನ ಲೆಕ್ಕ ಕೇಳಿದರು. 1986ರಲ್ಲಿ ಚೆರ್ನೋಬಿಲ್ ಅಪಘಾತದ ಬಳಿಕ ನಾರ್ಮಂಡಿಯಲ್ಲಿ ಆಕ್ರೊ ಎಂಬ ನಾಗರಿಕ ಪ್ರಯೋಗಾಲಯ ಹುಟ್ಟಿತ್ತು. ತಾವೇ ನೀರು, ಮಣ್ಣು ತಂದು ತಾವೇ ಅಳೆಯುವವರು. ಇಂಥವರ ಪ್ರಶ್ನೆ ನೇರ: ಮೊದಲ ಹದಿನೈದು ವರ್ಷ ಏನೇನು ಹೂತಿದ್ದೀರಿ?

1996: ಆಯೋಗ ಹೇಳಿದ್ದು

ಸರ್ಕಾರ ಸೀದಾ ಅನುಮತಿ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. 1996ರಲ್ಲಿ ಮಿಶೆಲ್ ತುರ್ಪ್ಯಾಂ ಅವರ ಅಧ್ಯಕ್ಷತೆಯಲ್ಲಿ ಒಂದು ಮೌಲ್ಯಮಾಪನ ಆಯೋಗ ಮಾಡಿತು. ಅದೇ ವರ್ಷ ವರದಿ ಬಂತು.

ಒಳಗೆ ಸುಮಾರು ನೂರು ಕಿಲೋ ಪ್ಲುಟೋನಿಯಮ್ ಇದೆ. 300 ವರ್ಷ ಆದ ಮೇಲೂ ಈ ಜಾಗವನ್ನು ಮಾಮೂಲಿ ಜಾಗದ ಹಾಗೆ ಬಿಟ್ಟುಕೊಡಲು ಆಗುವುದಿಲ್ಲ.

ನೂರು ಕಿಲೋ 5 ಲಕ್ಷ ಘನ ಮೀಟರಿನಲ್ಲಿ ಹರಡಿಹೋಗಿದೆ, ಒಂದು ಕಡೆ ಉಂಡೆಯಾಗಿ ಕೂತಿಲ್ಲ. ಕಾಂಕ್ರೀಟು, ಮಣ್ಣಿನಲ್ಲಿ ಪ್ಲುಟೋನಿಯಮ್ ಟ್ರಿಟಿಯಮ್‌ನ ಹಾಗೆ ಓಡಾಡುವುದೂ ಇಲ್ಲ. ಹಾಗಾಗಿ ಈಗಿರುವ ಸ್ಥಿತಿಯಲ್ಲಿ ಸುತ್ತಲಿನವರಿಗೆ ದೊಡ್ಡ ಅಪಾಯ ಇಲ್ಲ ಅಂತಲೇ ಆಯೋಗ ಹೇಳಿತು. ಅಪಾಯ ಇರುವುದು ಮುಂದೆ ಯಾವತ್ತೋ ಬಂದು ಗುದ್ದಲಿ ಹಾಕುವವರಿಗೆ. ರಸ್ತೆ ಮಾಡುವವರು, ಮನೆ ಕಟ್ಟುವವರು, ಏನಿದೆ ಅಂತ ಗೊತ್ತಿಲ್ಲದವರು. ಪ್ಲುಟೋನಿಯಮ್ ಧೂಳಾಗಿ ಉಸಿರಿನ ಜೊತೆ ಒಳಗೆ ಹೋದಾಗಲೇ ಜಾಸ್ತಿ ಕೆಡುಕು ಮಾಡುವುದು.

ಹಾಗಾದರೆ ಎಲ್ಲ ತೆಗೆದುಬಿಡಬಹುದಲ್ಲ? ಆಯೋಗ ಅದನ್ನೂ ನೋಡಿತು, ಬೇಡ ಅಂದಿತು. ತುಕ್ಕು ಹಿಡಿದ ಡ್ರಮ್, ಅದರ ಸುತ್ತ ಗಟ್ಟಿಯಾದ ಕಾಂಕ್ರೀಟ್. ಒಡೆದು ತೆಗೆಯುವ ಕೆಲಸಗಾರರು ಈಗಲೇ ತಿನ್ನುವ ವಿಕಿರಣ, ಮುಂದೆ ಯಾರಿಗೋ ಆಗಬಹುದಾದ ಕೆಡುಕಿಗಿಂತ ಭಾರ. ಖರ್ಚಂತೂ ಸರಿಯೇ. ತೆಗೆದದ್ದನ್ನು ಮತ್ತೆ ಎಲ್ಲಿ ಇಡುವುದು ಅನ್ನುವ ಪ್ರಶ್ನೆಯೂ ಉಳಿಯುತ್ತದೆ. ಈ ತೀರ್ಮಾನ ನನಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಅದೇ ತೀರ್ಮಾನ 1990ರಲ್ಲಿ, ಮುಚ್ಚಳಕ್ಕೆ ಮೊದಲು ಬಂದಿದ್ದರೆ ಕೇಳುವವರು ಇನ್ನಷ್ಟು ನಂಬುತ್ತಿದ್ದರು. ಬಹುಶಃ ತೀರಾ ಹಳೆಯ ಕೆಲವು ಕಂದಕಗಳ ಮಟ್ಟಿಗಾದರೂ ಬೇರೆ ಉತ್ತರ ಬರುತ್ತಿತ್ತೋ ಏನೋ.

ಇಷ್ಟಾದ ಮೇಲೆ ಕಡತ ಬದಲಾಗಲೇಬೇಕಾಯಿತು. '300 ವರ್ಷಕ್ಕೆ ಎಲ್ಲ ಮುಗಿಯುತ್ತದೆ' ಅನ್ನುವ ಮಾತು ಹೋಯಿತು. 2000ದಲ್ಲಿ ಹೊಸ ಕಡತದ ಮೇಲೆ ಮತ್ತೆ ಸಾರ್ವಜನಿಕ ವಿಚಾರಣೆ ನಡೆಯಿತು. 2003ರ ಜನವರಿಯಲ್ಲಿ ಆದೇಶ ಬಂತು.

ಮುಚ್ಚಿದ ಮೇಲಿನ ಕೆಲಸ

ಹೆಸರಿಗೆ ಮುಚ್ಚಿದ್ದು. ಕೆಲಸ ನಿಂತಿಲ್ಲ. ಬಾವಿಗಳಿಂದ ಅಂತರ್ಜಲ ತೆಗೆದು ಅಳೆಯುತ್ತಾರೆ, ತೊರೆಯ ನೀರು ಅಳೆಯುತ್ತಾರೆ, ಡಾಂಬರಿನ ಹಾಸಿನ ತುಂಡನ್ನು ಆಗಾಗ ಅಗೆದು ತೆಗೆದು ಇನ್ನೂ ಬಾಗುತ್ತದಾ, ಬಿರುಕು ಬಿಟ್ಟಿದೆಯಾ ಅಂತ ಪರೀಕ್ಷಿಸುತ್ತಾರೆ. ಹತ್ತು ವರ್ಷಕ್ಕೊಮ್ಮೆ ಇಡೀ ಸುರಕ್ಷತೆಯನ್ನು ಹೊಸದಾಗಿ ನೋಡಬೇಕು.

ಮುಚ್ಚಳವೂ ಸುಮ್ಮನೆ ಕೂತಿಲ್ಲ. ಒಳಗಿನ ಹಳೆಯ ಡ್ರಮ್ ತುಕ್ಕು ಹಿಡಿದು ಕುಸಿದರೆ ಮೇಲಿನ ನೆಲ ತಗ್ಗುತ್ತದೆ, ಹಾಸು ಎಳೆಯುತ್ತದೆ. ಅಂಚುಗಳಲ್ಲಿ ತೊಂದರೆ ಇನ್ನೂ ಜಾಸ್ತಿ. ಇರುವ ಬೇಲಿಯೊಳಗೇ ದಿಬ್ಬ ಹಿಡಿಸಬೇಕು ಅಂತ ಇಳಿಜಾರನ್ನು ಕಡಿದಾಗಿ ಮಾಡಿದ್ದರು. ಕಡಿದಾದ ಕಡೆ ಮಣ್ಣು ಜಾರಿತು. ಆಮೇಲೆ ಅಂಚುಗಳಿಗೆ ಮಣ್ಣು ಕೊಟ್ಟು ಇಳಿಜಾರನ್ನು ಸಾವಕಾಶ ಮಾಡುವ ಕೆಲಸ ಹಂತ ಹಂತವಾಗಿ ನಡೆಯಿತು. ಜಾಗ ಉಳಿಸಲು ಹೋಗಿ ಬಂದ ಪಾಡು ಇದು.

ಕೊನೆಗೆ ಉಳಿಯುವುದು ನೆನಪಿನ ಪ್ರಶ್ನೆ. ಗುದ್ದಲಿ ಹಾಕುವವನೇ ಅಪಾಯಕ್ಕೆ ಸಿಗುವವನು ಅಂದ ಮೇಲೆ, ಅವನಿಗೆ ವಿಷಯ ತಿಳಿಸುವುದೇ ದೊಡ್ಡ ರಕ್ಷಣೆ. 2003ಕ್ಕೆ 300 ಸೇರಿಸಿದರೆ 2303. ಹಿಂದಕ್ಕೆ ಎಣಿಸಿದರೆ 1703. ಆಗ ಫ್ರಾನ್ಸಿನ ಸಿಂಹಾಸನದಲ್ಲಿ ಹದಿನಾಲ್ಕನೇ ಲೂಯಿ ಕೂತಿದ್ದ. ಅಲ್ಲಿಂದ ಇಲ್ಲಿಗೆ ಒಂದು ಮಹಾಕ್ರಾಂತಿ, ಎರಡು ಸಾಮ್ರಾಜ್ಯ, ಐದು ಗಣರಾಜ್ಯ. ಇದೇ ಕೊತಾಂತ್ಯಾಂ 1940ರಿಂದ ನಾಲ್ಕು ವರ್ಷ ಜರ್ಮನ್ ಸೇನೆಯ ಕೈಯಲ್ಲಿತ್ತು. ಇಷ್ಟೆಲ್ಲದರ ನಡುವೆ ಒಂದು ಕಡತ ಉಳಿಯಬೇಕು.

ಆಂಡ್ರಾ ಇದಕ್ಕೆ ಎರಡು ದಾರಿ ಮಾಡಿದೆ. ಒಂದು, ಸಾಮಾನ್ಯರಿಗೆ ಅರ್ಥವಾಗುವ ಸಾರಾಂಶ. ಅದನ್ನು ಸುತ್ತಲಿನ ಪುರಸಭೆಗಳಿಗೆ, ಜಮೀನು ಪತ್ರ ಮಾಡುವ ನೋಟರಿಗಳಿಗೆ ಹಂಚುತ್ತಾರೆ. ಜಾಗ ಕೊಳ್ಳಲು ಬಂದವನು ಮೊದಲು ಹೋಗುವುದು ನೋಟರಿಯ ಹತ್ತಿರ ತಾನೇ, ಜಾಣತನದ ಉಪಾಯ. ಎರಡು, ಹತ್ತು ಸಾವಿರಕ್ಕೂ ಹೆಚ್ಚು ದಾಖಲೆಗಳ ಪೂರ್ತಿ ಕಡತ: ಯಾವ ಕೋಣೆಯಲ್ಲಿ ಯಾವ ಪೊಟ್ಟಣ, ಯಾವ ಕೊಳವೆ ಎಲ್ಲಿಗೆ. ಕಂಪ್ಯೂಟರ್ ಡಿಸ್ಕನ್ನು ನಂಬಲಿಲ್ಲ. ಶತಮಾನಗಟ್ಟಲೆ ಹಳದಿಯಾಗದ, ಪುಡಿಯಾಗದ ಶಾಶ್ವತ ಕಾಗದದ ಮೇಲೆ ಮುದ್ರಿಸಿದರು. ಎರಡು ಪ್ರತಿ. ಒಂದು ಕೇಂದ್ರದಲ್ಲೇ. ಅಲ್ಲಿ ಏನಾದರೂ ಆದರೆ ಇರಲಿ ಅಂತ ಇನ್ನೊಂದನ್ನು ಪ್ಯಾರಿಸಿನ ದಕ್ಷಿಣದ ಫೋಂತೆನ್‌ಬ್ಲೋದಲ್ಲಿರುವ ರಾಷ್ಟ್ರೀಯ ದಫ್ತರಖಾನೆಗೆ ಕೊಟ್ಟರು.

2014ರಲ್ಲಿ ಫೋಂತೆನ್‌ಬ್ಲೋದ ಆ ದಫ್ತರಖಾನೆಯನ್ನು ಮುಚ್ಚಬೇಕಾಯಿತು. ಕಟ್ಟಡದ ರಚನೆಯೇ ಕೆಟ್ಟಿತ್ತು, ಒಳಗೆ ಹೋಗುವುದು ಅಪಾಯ ಅಂದರು. ಕಟ್ಟಿ ಐವತ್ತು ವರ್ಷವೂ ಆಗಿರಲಿಲ್ಲ. ಅಲ್ಲಿದ್ದ ದಾಖಲೆಗಳನ್ನು ಪ್ಯಾರಿಸಿನ ಉತ್ತರದ ಪಿಯರ್‌ಫಿತ್‌ನಲ್ಲಿರುವ ಹೊಸ ಕಟ್ಟಡಕ್ಕೆ ಸಾಗಿಸುವ ಏರ್ಪಾಡಾಯಿತು.